ಬೇಡ ಎಂದು ಬರೆದ ಸಾಲು

ಫೋನು ಬಂದಾಗ ಯಶೋಧರಾ ಜಮಖಂಡಿಯ ತನ್ನ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದಳು. ಮೆಟ್ಟಿಲಿನ ತಿರುವಿನಲ್ಲಿರುವ ಗೋಡೆಯನ್ನು ಅವಳು ಎಂದೂ ನೇರ ನೋಡುತ್ತಿರಲಿಲ್ಲ. ಕೆಳಗಿನ ಗೊಬ್ಬರದ ಅಂಗಡಿಗೆ ಬಂದವರು, ಮೇಲಿನ ವಕೀಲರನ್ನು ಕಾಣಲು ಬಂದವರು ಎಲ್ಲರೂ ಅಲ್ಲೇ ಉಗುಳಿ ಉಗುಳಿ, ಸೊಂಟದೆತ್ತರಕ್ಕೆ ಕೆಂಪು ಗಾರೆ ಮಾಡಿದಂತಾಗಿತ್ತು. ದುಪಟ್ಟಾದ ತುದಿಯನ್ನು ಮೂಗಿಗೆ ಒತ್ತಿ, ಉಸಿರು ಬಿಗಿಹಿಡಿದು ಆ ಎಂಟು ಮೆಟ್ಟಿಲು ದಾಟುವುದೇ ಅವಳ ದಿನದ ಮೊದಲ ಕೆಲಸ. ಇವತ್ತು ನಡುವೆಯೇ ನಿಲ್ಲಬೇಕಾಯಿತು.

“ಯಶೋಧರಾ ಮೇಡಮ್ಮಾರ ಅಲ್ರಿ? ನಾ ಮಂಗಲಾ, ಬನಹಟ್ಟಿಯಿಂದ, ದೀಪಧಾರಾ ಮಹಿಳಾ ಕಾಲೇಜು. ನಿಮ್ಮ ಡಬ್ಬಿಯೊಳಗ ಇಟ್ಟಿದ್ದು ಹೊರಗ ಬಂದೈತ್ರಿ.”

“ಏನು ಹೊರಗ ಬಂದೈತ್ರಿ?”

“ಆ ಹುಡುಗಿ ಬರದು ಕೊಟ್ಟಿದ್ದು. ಯಾರ ಮ್ಯಾಲೆ ಬರದಾಳೋ ಅವರ ಕೈಯಾಗ ಐತ್ರಿ ಈಗ.”

ಮಂಗಲಾ ಆ ಕಾಲೇಜಿನಲ್ಲಿ ವಾಣಿಜ್ಯ ಕಲಿಸುವವರು, ಮಹಿಳಾ ದೂರು ಸಮಿತಿಯ ಅಧ್ಯಕ್ಷೆ. ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದಾರೆಂದು ದನಿಯಲ್ಲೇ ತಿಳಿಯುತ್ತಿತ್ತು. ಬಿ.ಕಾಂ. ಎರಡನೆಯ ವರ್ಷದ ಪ್ರೀತಿ ಎಂಬ ಹುಡುಗಿ ಕಚೇರಿಯ ಅಧೀಕ್ಷಕ ನಾಮದೇವರ ಮೇಲೆ ಮೂರು ಪುಟ ದೂರನ್ನು ಕೈಯಾರೆ ಬರೆದು ಕೊಟ್ಟಿದ್ದಳು; ಸಮಿತಿ ಅದನ್ನು ಸ್ಕ್ಯಾನ್ ಮಾಡಿ ಡಬ್ಬಿಯಲ್ಲಿ ಇಟ್ಟಿತ್ತು. ಸ್ಕಾಲರ್‌ಶಿಪ್ ಅರ್ಜಿಗೆ ಸಹಿ ಬೇಕೆಂದು ಹೋದಾಗಲೆಲ್ಲ ಆತ ಉಳಿದ ಹುಡುಗಿಯರನ್ನು ಕಳಿಸಿ ಇವಳೊಬ್ಬಳನ್ನೇ ನಿಲ್ಲಿಸಿಕೊಳ್ಳುತ್ತಿದ್ದ, ಗುರುತಿನ ಚೀಟಿ ತೆಗೆದುಕೊಳ್ಳುವ ನೆಪದಲ್ಲಿ ಕೈ ಹಿಡಿದು ಬಿಡುತ್ತಿರಲಿಲ್ಲ. ಆಮೇಲೆ ಸಂಜೆತನಕ ತನ್ನ ಕೈಯಿಂದ ತಂಬಾಕಿನ ವಾಸನೆ ಹೋಗುತ್ತಿರಲಿಲ್ಲ ಎಂದು ಅವಳು ಬರೆದಿದ್ದಳು. ಸಮಿತಿಯ ಮೂವರು ಹೆಂಗಸರ ಹೊರತು ಆ ಮಾತನ್ನು ಯಾರೂ ಓದುವಂತಿರಲಿಲ್ಲ.

“ನಿನ್ನೆ ಹುಡುಗಿ ಕೌಂಟರಿನ ಮುಂದ ಹಾದು ಹೊಂಟಿದ್ದಳಂತ್ರಿ,” ಎಂದರು ಮಂಗಲಾ. “ನಾಮದೇವ ಸಾಹೇಬ್ರು ತಮ್ಮ ಬೆರಳು ತಾವ ಮೂಸಿ ನೋಡಿ, ಕ್ಲಾರ್ಕಗೋಳ ಮೂಗಿನ ಮುಂದ ಹಿಡದು, ‘ವಾಸನಿ ಬರ್ತೈತೇನ್ರಪಾ?’ ಅಂದರಂತ. ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕರಂತ.”

ಯಶೋಧರಾ ದುಪಟ್ಟಾವನ್ನು ಮೂಗಿಗೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಳು. ಕಣ್ಣು ತಪ್ಪಿಸಲು ಹೋಗಿ ಅವಳು ಅದೇ ಗೋಡೆಯನ್ನು ನೋಡಿಬಿಟ್ಟಳು.

“ಇನ್ನೊಂದೈತ್ರಿ. ಗುಟ್ಟು ಕಾಯಾಕ ಬರಲಾರದ ಕಮಿಟಿ ವಿಚಾರಣಿ ಮಾಡಾಕ ಯೋಗ್ಯ ಅಲ್ಲ ಅಂತ ಸಾಹೇಬ್ರು ಅರ್ಜಿ ಕೊಟ್ಟಾರ. ಇವತ್ತ ಮೂರು ಗಂಟೆಕ್ಕ ಸಂಸ್ಥಾದ ಕಾರ್ಯದರ್ಶಿ ಗಿರಮಲ್ಲಪ್ಪನವರು ಬರ್ತಾರ. ತಪ್ಪು ನಮ್ಮದಂತ ಆದ್ರ ಕಮಿಟಿ ಬರಖಾಸ್ತ. ಆ ಹುಡುಗಿ ದೂರು ಅಲ್ಲಿಗೇ ಸತ್ತಂಗ. ಡಬ್ಬಿ ಮಾಡಿದವರಿಂದ ವರದಿ ತಗೊಂಡು ಬಾ ಅಂದಾರ್ರಿ. ನೀವ ಬರ್ರಿ, ಬ್ಯಾರೆ ಯಾರೂ ಬ್ಯಾಡ.”

ಹೇಗೆ ಹೊರಗೆ ಬಂತು ಎಂದು ಯಶೋಧರಾ ಕೇಳಲಿಲ್ಲ. ಕೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಗೊತ್ತಾದದ್ದು ಸುಳ್ಳಾಗಲಿ ಎಂದು ಉಳಿದ ಮೆಟ್ಟಿಲು ಹತ್ತಿದಳು.

ಡಬ್ಬಿ ಎಂದು ಎಲ್ಲರೂ ಕರೆಯುತ್ತಿದ್ದುದು ಅವರ ಕಂಪನಿ ತಯಾರಿಸುವ, ಫೈಲುಗಳನ್ನು ಕೂಡಿಡುವ ಯಂತ್ರವನ್ನು. ಅದರ ತಗಡು, ಡಿಸ್ಕು, ಫ್ಯಾನು ಎಲ್ಲ ಕೊಂಡು ತಂದವು. ಒಳಗಿನ ಕರ್ನಲ್‌ನ ಒಂದು ಭಾಗ ಮಾತ್ರ ಅವರದೇ. ಕರ್ನಲ್ ಅಂದರೆ ಯಂತ್ರದ ಎಲ್ಲ ಪ್ರೋಗ್ರಾಮುಗಳ ಕೆಳಗೆ ಕೂತ ತಿರುಳು. ಯಾರೇ ಬಂದು ಯಾವ ಫೈಲು ಕೇಳಲಿ, ತೆರೆಯಬೇಕೋ ಬೇಡವೋ ಎಂಬ ಕೊನೆಯ ಮಾತು ಅದರದು. ಲೋಕಕ್ಕೆಲ್ಲ ಬಿಟ್ಟಿ ಸಿಗುವ ಕರ್ನಲ್ ಒಂದನ್ನು ತಂದು, ಆ ಕೊನೆಯ ಮಾತನ್ನು ಆಡುವ ಭಾಗವನ್ನು ಯಶೋಧರಾ ತಿದ್ದಿ ಬರೆದಿದ್ದಳು. ಆರು ಜನರ ಆಫೀಸಿನಲ್ಲಿ ಅದನ್ನು ಓದಿ ಅರ್ಥಮಾಡಿಕೊಳ್ಳಬಲ್ಲವರು ಇಬ್ಬರೇ: ಅವಳು, ಮತ್ತು ಕಂಪನಿಯ ಮಾಲೀಕ ಪ್ರೇಮಕುಮಾರ.

ಆ ಮಾತು ಆಡುವುದಕ್ಕೆ ಎರಡು ಪದ್ಧತಿಗಳಿದ್ದವು. ಹಳೆಯದಕ್ಕೆ ಮೂರೇ ಖಾನೆ: ಫೈಲಿನ ಒಡೆಯನಿಗೆ ಏನು, ಒಂದು ಗುಂಪಿಗೆ ಏನು, ಉಳಿದವರಿಗೆ ಏನು. ಹೊಸದು ಪಟ್ಟಿಯ ಪದ್ಧತಿ. ಎಷ್ಟು ಹೆಸರಾದರೂ ಬರೆಯಬಹುದು, ಒಂದೊಂದು ಹೆಸರಿನ ಮುಂದೆಯೂ ಹೌದು ಅನ್ನಬಹುದು, ಬೇಡ ಅನ್ನಬಹುದು. ‘ಈ ಗುಂಪಿನವರೆಲ್ಲ ಓದಲಿ, ಅವರಲ್ಲಿ ಇಂಥವರು ಮಾತ್ರ ಬೇಡ’ ಎಂಬ ಮಾತಿಗೆ ಪಟ್ಟಿಯಲ್ಲಿ ಜಾಗ ಉಂಟು, ಮೂರು ಖಾನೆಯಲ್ಲಿ ಇಲ್ಲ. ಗಿರಾಕಿಗಳ ಬಳಿ ಎರಡೂ ಥರದ ಡಿಸ್ಕುಗಳಿದ್ದವು. ಎರಡನ್ನೂ ಒಂದೇ ಕರ್ನಲ್ ನಿಭಾಯಿಸಬೇಕಿತ್ತು. ಪಟ್ಟಿ ಇರುವ ಫೈಲನ್ನು ಮೂರು ಖಾನೆಯ ಡಿಸ್ಕಿಗೆ ನಕಲು ಮಾಡಿದರೆ ಆ ‘ಬೇಡ’ದ ಗತಿ ಏನು?

ಯಶೋಧರಾ ಮೊದಲು ಬರೆದ ಉತ್ತರ: ನಿಲ್ಲು. ನಕಲು ಮಾಡಬೇಡ, ಆಗುವುದಿಲ್ಲ ಎಂದು ಹೇಳು. ಪರೀಕ್ಷೆಗೆ ಕೊಟ್ಟಿದ್ದ ಮೊದಲ ವಾರವೇ ನಾಲ್ಕು ಕಡೆಯಿಂದ ಫೋನು ಬಂದವು, ಎರರ್ ಬರುತ್ತಿದೆ ಎಂದು. ಪ್ರೇಮಕುಮಾರ ಅವಳನ್ನು ಕರೆದು ಕೂರಿಸಿದ್ದ. ಹಾಗಾದರೆ ಅನುಮತಿ ಕಡಿಮೆಯಾದರೂ ಕೊಡೋಣ, ಒಬ್ಬರಿಗೆ ಬೇಡ ಎಂದಿದ್ದರೆ ಆ ಇಡೀ ಗುಂಪಿಗೇ ಬೇಡ ಎಂದುಬಿಡೋಣ ಎಂದು ಅವಳು ಬೇಡಿಕೊಂಡಿದ್ದಳು. ಆತ ನಕ್ಕಿದ್ದ.

“ಕಡಿಮಿ ಕೊಟ್ಟ್ರ ಫೋನ್ ಬರ್ತಾವು ಯಶೋಧರಾ. ಜಾಸ್ತಿ ಕೊಟ್ಟ್ರ ಯಾವನೂ ಫೋನ್ ಮಾಡಂಗಿಲ್ಲ.”

ಹದಿನೆಂಟು ತಿಂಗಳಾಗಿತ್ತು ಆ ಮಾತಿಗೆ. ಅವಳು ತನ್ನ ಕೈಯಾರೆ ಆ ಸಾಲು ಅಳಿಸಿ, ‘ಬೇಡ’ವನ್ನು ಬಿಟ್ಟು ಮುಂದೆ ಹೋಗು ಎಂದು ಬರೆದಿದ್ದಳು. ಮನಸ್ಸು ತಡೆಯದೆ ಇನ್ನೊಂದು ಸಾಲು ಸೇರಿಸಿದ್ದಳು: ಹೀಗೆ ಬಿಟ್ಟಾಗಲೆಲ್ಲ ಯಂತ್ರದ ಒಳ ದಾಖಲೆಯಲ್ಲಿ ಗುರುತು ಹಾಕು. ಆ ದಾಖಲೆಯನ್ನು ಯಾರೂ ತೆರೆದು ನೋಡುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಪ್ರೇಮಕುಮಾರ ತನ್ನ ಕುರ್ಚಿಯಲ್ಲಿ ಕೂತು, ಬೈಕಿನ ಕೀಲಿಯಿಂದ ಕಿವಿ ಕೆರೆದುಕೊಳ್ಳುತ್ತಿದ್ದ. ಕೆರೆದು, ಕೀಲಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಪ್ಯಾಂಟಿಗೆ ಒರೆಸಿದ.

“ನಾಮದೇವ ಸಾಹೇಬ್ರು ನನಗ ಆಗಲೇ ಫೋನ್ ಮಾಡಿದ್ರು,” ಎಂದ. “ಹೋಗಿ ಬಾ. ವರದಿ ನಾ ಬರದು ಕಳಸ್ತೀನಿ, ನೀ ಸಹಿ ಮಾಡು ಸಾಕು.”

“ಏನಂತ ಬರೀತೀರಿ?”

“ಬಳಸಿದವರು ಸರಿಯಾಗಿ ಬಳಸಿಲ್ಲ ಅಂತ. ಮತ್ತೇನು, ನಮ್ಮ ಕರ್ನಲ್ ಕೆಟ್ಟೈತಿ ಅಂತ ಬರೀಲಿ? ಸಂಸ್ಥಾದವರು ಇನ್ನ ನಾಕು ಕಾಲೇಜಿಗೆ ಡಬ್ಬಿ ತಗೋಳವರದಾರ. ಆ ಆರ್ಡರ್ ತಯಾರ ಮಾಡವರ ಅವರು, ನಾಮದೇವ ಸಾಹೇಬ್ರು.”

“ಅವರ ಮ್ಯಾಲೆನ ದೂರು ಐತಲ್ರಿ.”

“ಇರ್ಲಿ ಬಿಡ. ದೂರಿಗೂ ನಮಗೂ ಏನ್ ಸಂಬಂಧ?” ಅವನು ಕೀಲಿಯನ್ನು ಇನ್ನೊಂದು ಕಿವಿಗೆ ಹಾಕಿದ.

ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ಮುಂದೆ ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರು ದಾರಿ ಬಿಡದೆ ಹೋಗುತ್ತಿತ್ತು. ಡ್ರೈವರು ಅದರ ಮಾಲೀಕನ ವಂಶವನ್ನೆಲ್ಲ ಬಾಯಲ್ಲಿ ಎಳೆದಾಡುತ್ತಿದ್ದ. ಯಶೋಧರಾ ಮಡಿಲಿನ ಲ್ಯಾಪ್‌ಟಾಪ್ ಚೀಲವನ್ನು ಅವುಚಿ ಹಿಡಿದು, ಪ್ರತಿ ಸ್ಟಾಪಿನಲ್ಲೂ ಯಾರು ಹತ್ತಿದರು, ಎಲ್ಲಿ ಕೂತರು ಎಂದು ನೋಡುತ್ತಿದ್ದಳು. ಹಾಗೆ ನೋಡುವುದು ಅವಳಿಗೆ ಮೊದಲಿನಿಂದಲೂ ಬಂದದ್ದು. ಬಾಗಿಲು ಹಾಕಿದೆನೇ ಎಂದು ಎರಡು ಸಲ ಎದ್ದು ನೋಡುವವಳು, ಕಳಿಸುವ ಪತ್ರವನ್ನು ನಾಲ್ಕು ಸಲ ಓದುವವಳು. ಅಂಥವಳು ಕಂಡ ಕಂಡವರ ಫೈಲುಗಳ ಬಾಗಿಲು ತೆರೆದಿಡುವ ಸಾಲನ್ನು ಬರೆದು, ಮೇಲಿನವರಿಗೆ ಬೇಸರವಾಗಬಾರದೆಂದು ಸುಮ್ಮನಿದ್ದಳು. ಪ್ರೇಮಕುಮಾರನ ಕಿವಿಯ ಕೀಲಿಗಿಂತ ಇದೇ ಹೆಚ್ಚು ಓಕರಿಕೆ ತರುತ್ತಿತ್ತು.

ಬನಹಟ್ಟಿಯಲ್ಲಿ ಇಳಿದಾಗ ಗಲ್ಲಿಗಲ್ಲಿಯಿಂದಲೂ ಮಗ್ಗದ ಖಟಖಟ ಕೇಳುತ್ತಿತ್ತು. ಕಾಲೇಜಿನಲ್ಲಿ ಡಬ್ಬಿ ಇದ್ದದ್ದು ಹಳೆಯ ಉತ್ತರಪತ್ರಿಕೆಗಳ ಗಂಟು ಒಟ್ಟಿದ ಕೋಣೆಯಲ್ಲಿ. ಅದರ ಉಸ್ತುವಾರಿ ಲ್ಯಾಬಿನ ಸಹಾಯಕ ಶಿವಾಜಿಯದು. ಐವತ್ತೆಂಟು ವರ್ಷದ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಮನುಷ್ಯ. ಆತ ಎದ್ದು ನಿಂತು ಒಂದು ಪುಸ್ತಿಕೆಯನ್ನು ಎದೆಗೆ ಒತ್ತಿ ಹಿಡಿದ.

“ಬಾಯಾರ, ನಾ ಏನೂ ಮಾಡಿಲ್ರಿ. ಹಳೇ ಡಿಸ್ಕ ತುಂಬಿತ್ತು, ಹೊಸಾದು ತಂದು ಕೊಟ್ಟ್ರು. ಈ ಪುಸ್ತಕದಾಗ ಹ್ಯಾಂಗ ಬರದೈತೋ ಹಂಗ ಮಾಡೀನ್ರಿ. ನೋಡ್ರಿಲ್ಲೆ, ಒಂದೊಂದಕ್ಕೂ ಟಿಕ್ ಹಾಕೀನಿ.”

ಪುಸ್ತಿಕೆ ಬರೆದವಳು ಯಶೋಧರಾಳೇ. ಹನ್ನೆರಡು ಹಂತ, ಹನ್ನೆರಡು ಟಿಕ್. ಹೊಸ ಡಿಸ್ಕು ಎಲ್ಲ ಕಂಪ್ಯೂಟರಿಗೂ ಹೊಂದಲಿ ಎಂದು ಹಳೆಯ ಮೂರು ಖಾನೆಯ ಪದ್ಧತಿಯಲ್ಲಿ ಸಿದ್ಧಮಾಡುವುದು ಮೂರನೆಯ ಹಂತ. ನಕಲು ಮಾಡುವುದು ಏಳನೆಯದು.

“ನಕಲು ಮಾಡುವಾಗ ಏನಾರ ತಕರಾರು ಬಂತೇನ್ರಿ?”

“ಏನಿಲ್ರಿ! ಬೆಣ್ಣಿ ಹೋದಂಗ ಹೋತು.”

ಅವಳು ಕೂತು ಒಳ ದಾಖಲೆ ತೆರೆದಳು. ಒಂಬತ್ತು ದಿನದ ಹಿಂದೆ, ಬೆಳಿಗ್ಗೆ ಹನ್ನೊಂದೂವರೆಗೆ, ನಲವತ್ತೊಂದು ಸಾಲು. ನಲವತ್ತೊಂದು ಫೈಲು, ಪ್ರತಿಯೊಂದರ ಎದುರಿಗೂ ಅವಳೇ ಕೂರಿಸಿದ್ದ ಮಾತು: ಬೇಡ ಎಂಬ ಸಾಲನ್ನು ಇಲ್ಲಿ ಬರೆಯಲಾಗದು, ಬಿಡಲಾಗಿದೆ. ಕೆಳಗೆ ಯಾರು ಯಾವ ಫೈಲು ತೆರೆದರು ಎಂಬ ಪಟ್ಟಿ. ಪ್ರೀತಿಯ ದೂರನ್ನು ನಾಮದೇವರ ಹೆಸರಿನಿಂದ ಹನ್ನೊಂದು ಸಲ ತೆರೆಯಲಾಗಿತ್ತು. ಎರಡು ಸಲ ಪ್ರಿಂಟು. ಒಂದು ಸಲವಂತೂ ನಲವತ್ತು ನಿಮಿಷ ಪರದೆಯ ಮೇಲೆಯೇ ಇತ್ತು.

ಮೌಸು ಹಿಡಿದಿದ್ದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು. ಆ ಮೌಸನ್ನು ಆತ ಮುಟ್ಟಿರಲಿಲ್ಲ. ಆದರೂ ಕೈ ಒರೆಸಿಕೊಳ್ಳಬೇಕೆನಿಸಿತು.

ಅಷ್ಟರಲ್ಲಿ ಮಂಗಲಾ ಬಂದು ಬಾಗಿಲು ಮುಂದೆ ಮಾಡಿದರು. ಯಶೋಧರಾ ಅವರನ್ನು ಕೇಳಲೇಬೇಕಾದ ಒಂದು ಪ್ರಶ್ನೆ ಇತ್ತು.

“ಮೇಡಮ್ಮಾರ, ಸಮಿತಿ ಗುಂಪಿನ್ಯಾಗ ನಾಮದೇವ ಸಾಹೇಬ್ರ ಹೆಸರು ಯಾಕ ಇತ್ರಿ? ಗುಂಪಿನ್ಯಾಗ ಇಲ್ಲದಿದ್ರ ಏನ ಬಿಟ್ಟುಹೋದ್ರೂ ಅವರಿಗೆ ಕಾಣ್ತಿರಲಿಲ್ಲ.”

ಮಂಗಲಾ ನೆಲ ನೋಡಿದರು. “ನಮ್ಮಲ್ಲಿ ಯಾವ ಕಮಿಟಿ ಆದ್ರೂ ಕೊನಿಗೆ ಅಧೀಕ್ಷಕರ ಹೆಸರು ಇರ್ತೈತ್ರಿ, ಕಚೇರಿ ಪರವಾಗಿ. ಕ್ರೀಡಾ ಕಮಿಟಿ ಇರ್ಲಿ, ಇದ ಇರ್ಲಿ. ಅವರ ಮ್ಯಾಲೆನ ದೂರು ಬಂದಾಗ ಹೆಸರು ತಗೀಬೇಕಿತ್ತು. ಆದ್ರ ತಗೀಬೇಕಂದ್ರ ಹೊಸ ಆದೇಶ ಆಗಬೇಕು. ಆದೇಶ ಟೈಪ್ ಮಾಡವರ ಅವರು. ನೋಟೀಸ ಬೋರ್ಡಿಗೆ ಹಚ್ಚವರೂ ಅವರ. ಸಾಹೇಬ್ರಿಗೆ ಮಾರಿಗೆ ಹೊಡದಂಗ ಆಕ್ಕೈತಿ ಅಂತ ಹೇಳಿ…”

“ಗುಂಪಿನ್ಯಾಗ ಇಟ್ಟು, ಕೆಳಗ ಸುಮ್ಮನ ಬ್ಯಾಡ ಅಂತ ಬರದ್ರಿ.”

“ನಿಮ್ಮ ಡಬ್ಬಿಯೊಳಗ ಹಂಗ ಬರೀಲಿಕ್ಕೆ ಬರ್ತೈತಿ ಅಂತ ನೀವ ಹೇಳಿಕೊಟ್ಟಿದ್ರಿ.”

ಹೇಳಿಕೊಟ್ಟಿದ್ದಳು. ಇದೇ ಕೋಣೆಯಲ್ಲಿ, ಇದೇ ಕುರ್ಚಿಯಲ್ಲಿ ಕೂತು, ಹೆಮ್ಮೆಯಿಂದಲೇ ಹೇಳಿಕೊಟ್ಟಿದ್ದಳು. ಎದುರಿಗಿರುವ ಗಂಡಸಿಗೆ ಬೇಡ ಅನ್ನಲಾರದೆ ಮೂವರು ಓದಿದ ಹೆಂಗಸರು ಆ ಮಾತನ್ನು ಯಂತ್ರದ ಬಾಯಲ್ಲಿ ಹಾಕಿದ್ದರು. ಅವಳೂ ತನ್ನ ಮಾಲೀಕನಿಗೆ ಬೇಡ ಅನ್ನಲಾರದೆ ಯಂತ್ರದ ಬಾಯಿಂದ ಆ ಮಾತನ್ನು ಕಿತ್ತಿದ್ದಳು. ಬೇಡ ಅನ್ನಲಾರದ ಈ ಮರ್ಯಾದೆಗೆ ಉಪ್ಪಿನಕಾಯಿಯ ಮೇಲಿನ ಬೂಸಲಿನ ವಾಸನೆ ಇತ್ತು.

ಬಾಗಿಲು ತಟ್ಟದೆಯೇ ನಾಮದೇವ ಒಳಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ಗಂಧ, ಎಣ್ಣೆ ಹಚ್ಚಿ ಬಾಚಿದ ಕೂದಲು. ಹಿಂದೆ ಚಹಾ ಹಿಡಿದ ಜವಾನ.

“ಬರ್ರಿ ಬರ್ರಿ ತಂಗೀ, ಜಮಖಂಡಿಯಿಂದ ಬಿಸಲಾಗ ಬಂದೀರಿ. ಮಂಗಲಾ ಮೇಡಂ, ಬಂದವರಿಗೆ ಚಹಾ ಕೊಡಬೇಕು ಅಂತ ನೆನಪಾಗಲಿಲ್ಲೇನ್ರಿ? ಚಿಂತಿಯೊಳಗ ಅದೀರಿ, ನನಗ ಗೊತ್ತಾಕ್ಕೈತಿ.” ಅವರು ಕುರ್ಚಿ ಎಳೆದುಕೊಂಡು ಹತ್ತಿರ ಕೂತರು. “ನೋಡ್ರಿ ತಂಗೀ, ನಾ ಏನ್ ಕಳವು ಮಾಡೀನೇನು? ನನ್ನ ಪರದೆ ಮ್ಯಾಲೆ ಕಾಣ್ತು, ತಗದೆ. ತಗೀಬಾರದಿದ್ರ ಯಂತ್ರ ಬ್ಯಾಡ ಅನ್ನಬೇಕಿತ್ತು. ಅಂತೇನು?”

“ಇಲ್ಲ.”

“ಹ್ಞಾಂ. ಹಂಗ ಬರದು ಬಿಡ್ರಿ.”

“ಹನ್ನೊಂದು ಸಲ ತಗದೀರಿ,” ಎಂದಳು ಯಶೋಧರಾ. ದನಿ ತನ್ನದಲ್ಲ ಎಂಬಷ್ಟು ಸಣ್ಣಗಿತ್ತು. “ಮೊದಲನೇ ಸಲ ಕಂಡಿತು, ತಗದ್ರಿ. ಉಳಿದ ಹತ್ತು ಸಲ ಯಾಕ ತಗದ್ರಿ?”

ನಾಮದೇವ ಚಹಾ ಸೊರ್ರೆಂದು ಹೀರಿದರು. ಮೀಸೆಗೆ ಹತ್ತಿದ ಕೆನೆಯನ್ನು ನಾಲಿಗೆಯಿಂದ ಒಳಗೆ ಎಳೆದುಕೊಂಡು ನಕ್ಕರು.

“ಅಕ್ಷರ ಛಲೋ ಅದಾವ್ರಿ ಹುಡುಗೀದು. ಮುತ್ತು ಪೋಣಿಸಿದಂಗ.”

ಮಂಗಲಾ ತಮ್ಮ ಗ್ಲಾಸನ್ನು ಹಾಗೆಯೇ ಕೆಳಗಿಟ್ಟರು. ಯಶೋಧರಾ ತನ್ನ ಗ್ಲಾಸನ್ನು ಮುಟ್ಟದೆ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಆತ ಎದ್ದು ಹೋದ ಮೇಲೂ ಕೋಣೆಯಲ್ಲಿ ಕೂದಲೆಣ್ಣೆಯ ಕಮಟು ವಾಸನೆ ಬಹಳ ಹೊತ್ತು ಉಳಿದಿತ್ತು.

ಅವಳು ಮೊದಲು ಡಬ್ಬಿಯ ಕೆಲಸ ಹಿಡಿದಳು. ಸಮಿತಿಯ ಫೈಲುಗಳನ್ನೆಲ್ಲ ಮಂಗಲಾ ಅವರೊಬ್ಬರ ಹೆಸರಿಗೆ ಮಾಡಿ ಮುಚ್ಚಿದಳು. ಆಮೇಲೆ ತನ್ನ ಲ್ಯಾಪ್‌ಟಾಪಿನಲ್ಲಿ ಹದಿನೆಂಟು ತಿಂಗಳಿಂದ ಅಳಿಸದೆ ಇಟ್ಟುಕೊಂಡಿದ್ದ ಮೊದಲಿನ ಕರ್ನಲನ್ನು ಹಾಕಿ, ಯಂತ್ರವನ್ನು ಮತ್ತೆ ಚಾಲೂ ಮಾಡಿದಳು. ಒಂದು ಖಾಲಿ ಫೈಲಿಗೆ ಬೇಡದ ಸಾಲು ಬರೆದು, ಶಿವಾಜಿಗೆ ನಕಲು ಮಾಡಲು ಹೇಳಿದಳು.

“ಅಯ್ಯ ಬಾಯಾರ, ಎರರ್ ಬಂತಲ್ರಿ! ಹೋಗವಲ್ದು.”

“ಹೋಗಬಾರದು.”

“ಕೆಟ್ಟಿತೇನ್ರಿ?”

“ಈಗ ನೆಟ್ಟಗಾತು.”

ಶಿವಾಜಿ ಕನ್ನಡಕ ಏರಿಸಿ ಅವಳನ್ನೂ ಪರದೆಯನ್ನೂ ಬದಲು ಬದಲು ನೋಡಿದ. “ನೆಟ್ಟಗಾದದ್ದಕ್ಕ ಕೆಂಪು ಅಕ್ಷರ ಬರದ್ದು ಇದ ಮೊದಲ ಕಂಡೀನ್ರಿ,” ಎಂದ.

ಎರಡೂಕಾಲು ಗಂಟೆಗೆ ಪ್ರೇಮಕುಮಾರನ ವರದಿ ವಾಟ್ಸಾಪಿಗೆ ಬಂತು. ‘ಅನುಮತಿಗಳ ವಿನ್ಯಾಸದಲ್ಲಿ ಬಳಕೆದಾರರ ಕಡೆಯಿಂದ ಉಂಟಾದ ವ್ಯತ್ಯಯದ ಪರಿಣಾಮವಾಗಿ ಕೆಲವು ಕಡತಗಳು ಲಭ್ಯವಾಗಿರುವುದು ಕಂಡುಬಂದಿದೆ.’ ಅವಳು ಆ ವಾಕ್ಯವನ್ನು ಎರಡು ಸಲ ಓದಿದಳು. ಅದರಲ್ಲಿ ಯಾರೂ ಏನೂ ಮಾಡಿರಲಿಲ್ಲ. ಎಲ್ಲವೂ ತಾನಾಗಿಯೇ ಉಂಟಾಗಿ, ತಾನಾಗಿಯೇ ಕಂಡುಬಂದಿತ್ತು. ತುಪ್ಪ ಸವರಿದ ಕಂಬ ಹತ್ತಹೋದಂತೆ, ಎಲ್ಲಿ ಹಿಡಿಯಹೋದರೂ ಕೈ ಜಾರುತ್ತಿತ್ತು.

ಫೋನು ಕೆಳಗಿಡುವಾಗ ಬಾಗಿಲಲ್ಲಿ ಹುಡುಗಿಯೊಬ್ಬಳು ನಿಂತದ್ದು ಕಂಡಿತು. ಸಣ್ಣ ಮೈ, ಬಿಗಿಯಾಗಿ ಹೆಣೆದ ಜಡೆ, ಕೈಯಲ್ಲಿ ಮಡಚಿದ ಕೊಡೆ. ಮಂಗಲಾ ಹೇಳುವ ಮೊದಲೇ ಯಾರೆಂದು ಯಶೋಧರಾಳಿಗೆ ತಿಳಿಯಿತು.

“ಅಕ್ಕಾರ, ಅದನ್ನ ಮುಚ್ಚೀರೇನ್ರಿ?” ಎಂದಳು ಪ್ರೀತಿ.

“ಮುಚ್ಚೀನಿ.”

“ಅವರು ಓದಿದ್ದು ಅಳಸಾಕ ಬರಂಗಿಲ್ಲಲ್ರಿ.”

“ಬರಂಗಿಲ್ಲ ತಂಗಿ.”

ಪ್ರೀತಿ ಅಳಲಿಲ್ಲ. ಕೊಡೆಯ ಗುಂಡಿಯನ್ನು ಒಂದು ಸಲ ಒತ್ತಿ ಬಿಟ್ಟಳು. “ನಮ್ಮ ಅವ್ವ ದೂರು ತಿರುಗಿ ತಗೋ ಅಂತಾಳ್ರಿ. ಹ್ಯಾಂಗೂ ಕಮಿಟಿ ಹೋಗ್ತೈತಿ, ಯಾಕ ಬೇಕು ಅಂತಾಳ. ನನಗ ಒಂದ ಮಾತು ತಿಳೀವಲ್ದು. ಯಾರೋ ಬಾಗಲಾ ತಗದಿಟ್ಟ್ರು ಅಂದ್ರ ನಾ ಬರದದ್ದು ಹ್ಯಾಂಗ ಸುಳ್ಳಾಕ್ಕೈತ್ರಿ?”

ಉತ್ತರ ಹೇಳುವ ಬದಲು ಯಶೋಧರಾ ಶಿವಾಜಿಯ ಕಡೆ ತಿರುಗಿ ನಾಲ್ಕು ಬಿಳಿ ಹಾಳೆ ಕೇಳಿದಳು. ಕಂಪನಿಯ ಮುದ್ರೆ ಇರುವ ಕಾಗದ ಬ್ಯಾಗಿನಲ್ಲೇ ಇತ್ತು, ಅದನ್ನು ತೆಗೆಯಲಿಲ್ಲ. ಪೆನ್ನಿನಿಂದ ಬರೆದಳು. ಈ ಯಂತ್ರದ ಕರ್ನಲ್‌ನಲ್ಲಿ ಎರಡು ಅನುಮತಿ ಪದ್ಧತಿಗಳನ್ನು ಹೊಂದಿಸುವ ಭಾಗವನ್ನು ನಾನು ಬರೆದಿದ್ದೇನೆ. ಸಮಿತಿಯವರು ಬೇಡ ಎಂದು ಸರಿಯಾಗಿಯೇ ಬರೆದಿದ್ದರು. ಶಿವಾಜಿಯವರು ನಾವು ಕೊಟ್ಟ ಪುಸ್ತಿಕೆಯಂತೆಯೇ ನಡೆದಿದ್ದಾರೆ. ಆ ಬೇಡವನ್ನು ನನ್ನ ಸಾಲು ಬಿಟ್ಟುಹಾಕಿತು. ಹೀಗಾಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಆಮೇಲೆ ನಾಮದೇವರ ಹೆಸರಿನಿಂದ ಹನ್ನೊಂದು ಸಲ ತೆರೆದದ್ದರ ದಿನ, ವೇಳೆ, ಎರಡು ಪ್ರಿಂಟು. ಪ್ರೀತಿಯ ಹೆಸರನ್ನಾಗಲಿ ಅವಳು ಬರೆದ ಒಂದು ಶಬ್ದವನ್ನಾಗಲಿ ಎಲ್ಲಿಯೂ ಹಾಕಲಿಲ್ಲ. ಬರೆದು ಮುಗಿದ ಮೇಲೆ ರೂಢಿಯಂತೆ ನಾಲ್ಕು ಸಲ ಓದಿದಳು, ಒಂದಕ್ಷರವನ್ನೂ ತಿದ್ದಲಿಲ್ಲ.

ಮೂರಕ್ಕೆ ಗಿರಮಲ್ಲಪ್ಪನವರು ಬಂದು ಪ್ರಾಚಾರ್ಯರ ಕೋಣೆಯಲ್ಲಿ ಕೂತರು. ಭಾರೀ ಶರೀರದ, ಕಡಿಮೆ ಮಾತಿನ ಮುದುಕರು. ಅವರ ಎಡಕ್ಕೆ ಸಮಿತಿಯ ಮೂವರು. ಬಲಕ್ಕೆ ನಾಮದೇವ, ಎದುರಿಗೆ ಆವಕ ರಿಜಿಸ್ಟರು, ರಬ್ಬರ್ ಮುದ್ರೆ. ಆ ಕಾಲೇಜಿನಲ್ಲಿ ಯಾವ ಕಾಗದವಾದರೂ ಮೊದಲು ಅಧೀಕ್ಷಕರ ಕೈಗೆ ಹೋಗಿ, ಅವರು ಓದಿ, ನಂಬರು ಹಾಕಿ, ಮುದ್ರೆ ಒತ್ತಿದ ಮೇಲೆಯೇ ಮುಂದಕ್ಕೆ ಹೋಗುವುದು. ಯಶೋಧರಾ ಹಾಳೆಗಳನ್ನು ಮಂಗಲಾ ಅವರಿಗೆ ಕೊಟ್ಟಳು. ನಾಮದೇವ ತಲೆ ಎತ್ತದೆಯೇ ಕೈ ಚಾಚಿದರು. ಮಂಗಲಾ ಅವರ ಕೈ, ಇಪ್ಪತ್ತು ವರ್ಷದ ರೂಢಿಯಿಂದ, ಆ ಕೈಯ ಕಡೆಗೇ ಹೋಯಿತು.

“ಬ್ಯಾಡ್ರಿ,” ಎಂದಳು ಯಶೋಧರಾ.

ಎಲ್ಲರೂ ಅವಳತ್ತ ನೋಡಿದರು.

“ನಿಮಗ ಬ್ಯಾಡ್ರಿ,” ಎಂದು ಅವಳು ನಾಮದೇವರ ಮುಖ ನೋಡಿಯೇ ಹೇಳಿದಳು. “ಈ ಕಾಗದ ನೀವು ಓದಂಗಿಲ್ಲ. ಈ ಕೋಣಿಯೊಳಗ ನೀವು ಕುಂದ್ರಂಗೂ ಇಲ್ಲ.”

“ಏ ತಂಗೀ, ನೀ ಯಾರವ್ವಾ ಹೇಳಾಕ? ನಾ ಇಲ್ಲಿ ಅಧೀಕ್ಷಕ. ನಂಬರ್ ಬೀಳದ ಕಾಗದ ಸಾಹೇಬ್ರು ಹ್ಯಾಂಗ ನೋಡ್ತಾರ?”

ಗೋಡೆಯ ಫ್ಯಾನು ಮುದ್ರೆಯ ಶಾಯಿಯ ವಾಸನೆಯನ್ನು ಆ ಕಡೆಯಿಂದ ಈ ಕಡೆಗೆ ತೂರುತ್ತಿತ್ತು. ಮಂಗಲಾ ಚಾಚಿದ ಕೈಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡು ಹಾಳೆಗಳನ್ನು ಎದೆಗೆ ಹಿಡಿದರು.

“ಅವರು ಹೇಳಿದ್ದು ಖರೆ ಐತ್ರಿ,” ಎಂದರು. “ನಾವು ಮೊದಲ ದಿನಾನ ಹೇಳಬೇಕಿತ್ತು. ನಾಮದೇವ ಸಾಹೇಬ್ರ, ನೀವು ಈ ಕಮಿಟಿಯೊಳಗ ಇಲ್ಲ. ಹೊರಗ ಕುಂದರ್ರಿ.”

ನಾಮದೇವ ಗಿರಮಲ್ಲಪ್ಪನವರ ಕಡೆ ನೋಡಿ ನಕ್ಕರು, ಹೆಂಗಸರ ಮಾತಿಗೆ ಇಬ್ಬರೂ ಕೂಡಿ ನಗುವ ಹಾಗೆ. ಮುದುಕರು ನಗಲಿಲ್ಲ.

“ಹೊರಗ ಹೋಗ್ರಿ ನಾಮದೇವ. ಕರದಾಗ ಬರ್ರಿ.”

ಬಾಗಿಲು ಮುಚ್ಚಿದ ಮೇಲೆ ಅವರು ಹಾಳೆಗಳನ್ನು ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಓದಿದರು.

“ತಪ್ಪು ಕಮಿಟಿದಲ್ಲ ಅಂತೀರಿ.”

“ಅಲ್ರಿ.”

“ಶಿವಾಜೀದು?”

“ಅಲ್ರಿ. ನಂದು.”

“ಗೊತ್ತಿದ್ದೂ ಬರದ್ರೇನವಾ ಇದನ್ನ?”

“ಗೊತ್ತಿದ್ದೂ ಬರದೆ.”

ಗಿರಮಲ್ಲಪ್ಪನವರು ಕನ್ನಡಕ ತೆಗೆದು ಅವಳನ್ನು ನೋಡಿದ ನೋಟದಲ್ಲಿ ಮೆಚ್ಚುಗೆಯೇನೂ ಇರಲಿಲ್ಲ. ಇರಬಾರದೆಂದೇ ಅವಳಿಗೂ ಅನಿಸಿತು. ಹನ್ನೊಂದು ವೇಳೆಗಳ ಪಟ್ಟಿಯ ಮೇಲೆ ಅವರ ಬೆರಳು ಒಂದು ಸಲ ಮೇಲಿನಿಂದ ಕೆಳಕ್ಕೆ ಇಳಿಯಿತು. “ಕಮಿಟಿ ಹಂಗ ಇರಲಿ,” ಎಂದರು. “ಹುಡುಗೀನ ಕರೀರಿ. ವಿಚಾರಣಿ ಇವತ್ತ ಆಗಲಿ.”

ಯಶೋಧರಾ ಹೊರಗೆ ಬಂದಳು. ಪಡಸಾಲೆಯಲ್ಲಿದ್ದ ಪ್ರೀತಿ ಕೊಡೆಯನ್ನು ಅವಳ ಕೈಗೆ ಕೊಟ್ಟು, “ಇದನ್ನ ಸ್ವಲ್ಪ ಹಿಡಕೋರಿ ಅಕ್ಕಾರ,” ಎಂದು ಒಳಗೆ ಹೋದಳು. ಬಾಗಿಲು ಮತ್ತೆ ಮುಚ್ಚಿತು.

ಫೋನು ಅದುರುತ್ತಲೇ ಇತ್ತು. ಎತ್ತಿದಳು.

“ಏನ್ ಮಾಡಿಟ್ಟಿ ಯಶೋಧರಾ?” ಪ್ರೇಮಕುಮಾರನ ಉಸಿರು ಕಿವಿಗೆ ಬಡಿಯಿತು. “ನಾಮದೇವ ಸಾಹೇಬ್ರು ಆರ್ಡರ್ ಹರದು ಒಗೀತೀನಿ ಅನ್ನಾಕತ್ತಾರ.”

“ಮುಧೋಳದಾಗ, ಬೀಳಗಿಯಾಗ ಇಟ್ಟ ಡಬ್ಬಿಗೋಳ ಒಳಗೂ ಬಿಟ್ಟುಹೋದ ಸಾಲು ಎಷ್ಟದಾವೋ ನೋಡಬೇಕ್ರಿ. ಅವರಿಗೆಲ್ಲಾ ಹೇಳಬೇಕು. ನೀವು ಹೇಳ್ತೀರೋ, ನಾ ಹೇಳ್ಲೋ?”

“ನಾಳಿಂದ ನೀ ಆಫೀಸಿಗೆ ಬರಬ್ಯಾಡ.”

“ಆತ್ರಿ. ಹಂಗಾರ ನಾ ಹೇಳ್ತೀನಿ.”

ಫೋನನ್ನು ಚೀಲಕ್ಕೆ ಹಾಕಿದಳು. ಹಗುರವೇನೂ ಅನಿಸಲಿಲ್ಲ. ಬೆಳಗಿನ ಹೇಸಿಗೆ ಇನ್ನೂ ಹೋಗಿರಲಿಲ್ಲ, ಅದರಲ್ಲಿ ಅರ್ಧ ಪಾಲು ತನ್ನ ಮೇಲಿನದೇ ಎಂದೂ ಅವಳಿಗೆ ಗೊತ್ತಿತ್ತು.

ಪಡಸಾಲೆಯಲ್ಲಿ ಒಂದೇ ಬೆಂಚು. ಅದರ ಒಂದು ತುದಿಯಲ್ಲಿ ನಾಮದೇವ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅವರು ಸ್ವಲ್ಪ ಸರಿದು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದರು.

“ಕುಂದರ್ರಿ ತಂಗೀ. ಎಷ್ಟೊತ್ತು ನಿಂದರ್ತೀರಿ?”

ಒಳಗೆ ಪ್ರೀತಿ ತನ್ನ ಹೆಸರು, ತಂದೆಯ ಹೆಸರು, ತರಗತಿ ಹೇಳುತ್ತಿದ್ದುದು ಬಾಗಿಲ ಸಂದಿಯಿಂದ ಕೇಳಿಸಿತು. ಯಶೋಧರಾ ಬಾಗಿಲಿಗೂ ಬೆಂಚಿಗೂ ನಡುವೆ, ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು, ನಿಂತೇ ಇದ್ದಳು.